ಕರೆಂಟಕ್ಕ ಇಂಜಿನ್ ನಿಲ್ಲಿಸಿದ ಸಂಜೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರ ಮೇಲಿನ ದಿಣ್ಣೆಯಲ್ಲಿ ಓರೆಯಾಗಿ ನಿಲ್ಲಿಸಿದ ಸೋಲಾರ್ ಪ್ಲೇಟುಗಳ ನಡುವೆ ಒಬ್ಬ ಹೆಂಗಸು ಬಗ್ಗಿ ಬಗ್ಗಿ ನಡೆಯುತ್ತಿದ್ದಾಳೆ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಉದ್ದ ಕೋಲಿನ ತುದಿಗೆ ಹಳೆಯ ಹೊದಿಕೆ ಸುತ್ತಿ ಮಾಡಿಕೊಂಡ ಒರಸು. ಗಾಜಿನ ಮೇಲೆ ಇಬ್ಬನಿ ಕೂತಿರುವಾಗಲೇ ಒರೆಸಿದರೆ ಧೂಳು ತಾನಾಗಿ ಬಿಟ್ಟುಕೊಳ್ಳುತ್ತದೆ, ಬಿಸಿಲು ಬಿದ್ದ ಮೇಲೆ ಕಚ್ಚಿಕೊಂಡುಬಿಡುತ್ತದೆ. ಅದಕ್ಕೇ ಈ ಅವಸರ. ಹಕ್ಕಿ ಹಿಕ್ಕೆ ಕಂಡಲ್ಲಿ ಕೋಲು ಕೆಳಗಿಟ್ಟು, ಸೆರಗಿನ ತುದಿ ಒದ್ದೆ ಮಾಡಿ ಉಜ್ಜುತ್ತಾಳೆ. "ಇಷ್ಟು ದೊಡ್ಡ ಬೆಟ್ಟ ಬಿದ್ದಿದೆ, ಇವಕ್ಕೆ ನನ್ನ ಪ್ಲೇಟೇ ಆಗಬೇಕು" ಎಂದು ಗೊಣಗುತ್ತಾಳೆ. ಹಕ್ಕಿಗಳು ಮೇಲೆ ತಂತಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತವೆ.

ಪ್ಲೇಟು ಮುಗಿಯಿತೆಂದರೆ ಗಾಳಿಯಂತ್ರದ ಸರದಿ. ಮೂರು ರೆಕ್ಕೆಯ ಆ ಯಂತ್ರವನ್ನು ಊರವರು ಫ್ಯಾನು ಎನ್ನುತ್ತಾರೆ. ಈಕೆ ಅದರ ಕಂಬಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಒಳಗೆ ಏನಾದರೂ ಸಡಿಲವಾಗಿದ್ದರೆ ಕಂಬವೇ ಹೇಳುತ್ತದಂತೆ. ಆಮೇಲೆ ಕರೆಂಟು ಮನೆ. ತಗಡಿನ ಮಾಡು, ಸುಣ್ಣ ಬಳಿದ ಗೋಡೆ, ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಕಬ್ಬಿಣದ ಅಟ್ಟಣೆಗಳ ಮೇಲೆ ಬ್ಯಾಟರಿಗಳು ಸಾಲಾಗಿ ಕೂತಿವೆ. ಪ್ರತಿಯೊಂದರ ಮುಚ್ಚಳ ತೆಗೆದು, ಟಾರ್ಚು ಹಾಕಿ, ನೀರು ನೋಡಿ, ಕಡಿಮೆಯಾದಲ್ಲಿ ಕೊಳವೆಯಿಂದ ತೊಟ್ಟು ತೊಟ್ಟಾಗಿ ಬಿಡುತ್ತಾಳೆ. "ಕಮ್ಮಿಯಾದ್ರೂ ಮುನಿಸು, ಹೆಚ್ಚಾದ್ರೂ ಮುನಿಸು. ಎರಡು ಮಕ್ಕಳು ಸಾಕಿದ್ದು ಇದಕ್ಕಿಂತ ಸಲೀಸಾಗಿತ್ತು" ಎನ್ನುತ್ತಾಳೆ. ಹಿಂದಿನ ಕೋಣೆಯಲ್ಲಿ ಡೀಸೆಲ್ ಇಂಜಿನ್ನು ಹೊದಿಕೆ ಹೊದ್ದು ಮಲಗಿದೆ. ಅದರ ಮೈಯನ್ನೂ ಒಮ್ಮೆ ತಟ್ಟಿ ಹೊರಗೆ ಬರುತ್ತಾಳೆ.

ಕೊನೆಗೆ ಅಂಗಳಕ್ಕೆ ಬಂದು ಆಕಾಶ ನೋಡುತ್ತಾಳೆ. ಮೋಡವಿಲ್ಲ. ಕರೆಂಟು ಮನೆಯ ಮುಂದೆ ಎರಡು ಕಂಬದ ನಡುವೆ ಒಂದು ಭಾರಿ ಕಬ್ಬಿಣದ ಚಕ್ರ ಸರಪಳಿಯಲ್ಲಿ ನೇತಾಡುತ್ತಿದೆ. ಸುತ್ತಿಗೆ ಎತ್ತಿ ಅದಕ್ಕೆ ಒಂದೇ ಒಂದು ಏಟು ಹಾಕುತ್ತಾಳೆ. ಸದ್ದು ಇಳಿಜಾರಿನ ಮನೆಗಳನ್ನೆಲ್ಲ ದಾಟಿ ಕೆಳಗಿನ ಬಾವಿಯವರೆಗೂ ಹೋಗುತ್ತದೆ. ಒಂದು ಏಟೆಂದರೆ ಇವತ್ತು ಕರೆಂಟು ಧಾರಾಳ, ಗಿರಣಿ ಹಾಕಿ, ಮೋಟರು ಹಾಕಿ, ಇಸ್ತ್ರಿ ಮಾಡಿಕೊಳ್ಳಿ. ಎರಡು ಏಟೆಂದರೆ ಬಲ್ಬು ಬಿಟ್ಟು ಬೇರೇನೂ ಬೇಡ. ಸ್ವಲ್ಪ ಹೊತ್ತಿಗೆ ಹಿಟ್ಟಿನ ಗಿರಣಿಯ ಸದ್ದು ಕೇಳುತ್ತದೆ. ಈಕೆ ಕೈ ಒರೆಸಿಕೊಂಡು ಮನೆಗೆ ಹೊರಡುತ್ತಾಳೆ.

ಊರಲ್ಲಿ ಈಕೆಗೆ ಕರೆಂಟಕ್ಕ ಎಂದೇ ಹೆಸರು. ವಯಸ್ಸಿನಲ್ಲಿ ದೊಡ್ಡವರೂ ಹಾಗೆಯೇ ಕರೆಯುತ್ತಾರೆ, ನಾನೂ ಹಾಗೇ ಕರೆಯುವುದು.

ಬಯಲಿನ ಪೇಟೆಯಿಂದ ಹೊರಟ ಕರೆಂಟಿನ ಕಂಬಗಳು ಬೆಟ್ಟದ ಬುಡಕ್ಕೆ ಬಂದು ನಿಂತುಬಿಟ್ಟಿವೆ. ಅಲ್ಲಿಂದ ಮೇಲಕ್ಕೆ ಬಂಡೆ, ಕಣಿವೆ. ಈ ದಾರಿಯಲ್ಲಿ ಜೀಪು ಹತ್ತುವುದೇ ದೊಡ್ಡದು, ಆ ಜೀಪು ಓಡಿಸುವವನೇ ಕರೆಂಟಕ್ಕನ ಗಂಡ. ಎಣ್ಣೆ ದೀಪದ ಕಾಲ ನನಗೆ ಚೆನ್ನಾಗಿ ನೆನಪಿದೆ. ದೀಪದ ಗಾಜು ಒರೆಸುವುದು ಮನೆಯ ಚಿಕ್ಕವರ ಕೆಲಸ, ಚಿಕ್ಕ ಕೈ ಮಾತ್ರ ಅದರೊಳಗೆ ಹೋಗುತ್ತಿದ್ದುದು. ಆಮೇಲೆ ಇಂಜಿನ್ನು ಬಂತು. ಅದನ್ನು ಬಿಚ್ಚಿ, ಹಗ್ಗ ಕಟ್ಟಿ, ತುಂಡು ತುಂಡಾಗಿ ಮೇಲೆ ಹೊತ್ತು ತಂದವರಲ್ಲಿ ಮುಂದಾಳು ಕರೆಂಟಕ್ಕನ ಅಪ್ಪ. ಅದನ್ನು ಮರಳಿ ಜೋಡಿಸಿದವರೂ ಅವರೇ, ಅಂದಿನಿಂದ ಓಡಿಸಿದವರೂ ಅವರೇ. ಇಂಜಿನ್ ಮಾವ ಎಂದು ಊರೆಲ್ಲ ಕರೆಯಿತು.

ಸಂಜೆ ಇಂಜಿನ್ನು ಗುಡುಗುಡು ಎಂದಿತೆಂದರೆ ಊರು ಮೈಕೊಡವಿ ಏಳುತ್ತಿತ್ತು. ಇದ್ದಬದ್ದ ಕೆಲಸವೆಲ್ಲ ಆಗಲೇ ಆಗಬೇಕು. ನೀರು ಎತ್ತುವವರು ಎತ್ತಬೇಕು, ಹಿಟ್ಟು ಬೀಸುವವರು ಬೀಸಬೇಕು, ಮದುವೆಗೆ ಹೋಗುವವರು ಬಟ್ಟೆಗೆ ಇಸ್ತ್ರಿ ಹಾಕಿಕೊಳ್ಳಬೇಕು. ಸದ್ದು ನಿಂತರೆ ಮುಗಿಯಿತು. ಸದ್ದು ನಿಂತ ತಕ್ಷಣ ಎಲ್ಲ ಸ್ವಿಚ್ಚೂ ಆರಿಸಬೇಕೆಂಬುದು ಇಂಜಿನ್ ಮಾವನ ಕಟ್ಟಪ್ಪಣೆ. ಇಲ್ಲದಿದ್ದರೆ ಮತ್ತೆ ಚಾಲೂ ಮಾಡುವಾಗ ಊರಿನ ಹೊರೆಯೆಲ್ಲ ಒಮ್ಮೆಗೇ ಇಂಜಿನ್ನಿನ ಕುತ್ತಿಗೆಗೆ ಬೀಳುತ್ತದೆ. ಮರೆತವರ ಬಾಗಿಲಿಗೇ ಬಂದು, ಊಟಕ್ಕೆ ಕೂತಿದ್ದರೂ ಬಿಡದೆ, ನಾಲ್ಕು ಮನೆಗೆ ಕೇಳುವ ಹಾಗೆ ಬೈದು ಹೋಗುತ್ತಿದ್ದರು. ಬೈಸಿಕೊಳ್ಳದ ಮನೆ ಊರಲ್ಲಿಲ್ಲ. ಹಾಗಾಗಿ ಸದ್ದು ನಿಂತರೆ ನಮ್ಮ ಕೈ ನಮ್ಮನ್ನು ಕೇಳದೆ ಸ್ವಿಚ್ಚಿಗೆ ಹೋಗುತ್ತದೆ.

ಪ್ಲೇಟು, ಫ್ಯಾನು, ಬ್ಯಾಟರಿ ಬಂದ ಮೊದಲ ಸಂಜೆಯ ಕತೆ ಈಗಲೂ ಊರಿನ ನಗೆ. ಕಂಪನಿಯ ಇಂಜಿನಿಯರು ಎಲ್ಲ ಜೋಡಿಸಿ, ಲೈನು ಕೊಟ್ಟು, ದಿಣ್ಣೆಯ ಮೇಲೆ ನಿಂತು ಊರು ಬೆಳಗುವುದನ್ನು ಕಾಯುತ್ತಿದ್ದರು. ಕತ್ತಲಾಯಿತು. ಒಂದು ಮನೆಯಲ್ಲೂ ಬೆಳಕಿಲ್ಲ. ಪಾಪ, ಆತ ಎಲ್ಲ ತಂತಿಯನ್ನೂ ಮತ್ತೆ ಮುಟ್ಟಿ ಮುಟ್ಟಿ ನೋಡಿದರು. ಕೆಳಗೆ ನಾವೆಲ್ಲ ಮೇಣದ ಬತ್ತಿ ಹಚ್ಚಿಕೊಂಡು ಇಂಜಿನ್ ಸದ್ದಿಗೆ ಕಿವಿಗೊಟ್ಟು ಕೂತಿದ್ದೆವು. ಸದ್ದಿಲ್ಲ ಎಂದ ಮೇಲೆ ಸ್ವಿಚ್ಚು ಒತ್ತಿ ನೋಡುವುದೇಕೆ? ಕೊನೆಗೆ ಕರೆಂಟಕ್ಕನೇ ಮನೆ ಮನೆಗೆ ಓಡಿ ಸ್ವಿಚ್ಚು ಹಾಕಿಕೊಟ್ಟು ಬಂದಳು. ಅಂದೇ ಆ ಇಂಜಿನಿಯರು, ಈ ಊರನ್ನು ನೋಡಿಕೊಳ್ಳಲು ನೀನೇ ಸರಿ ಎಂದು, ಒಂದಿಡೀ ಬೇಸಿಗೆ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದರು. ಆಕೆ ಈಗಲೂ ಅವರನ್ನು ಮೇಷ್ಟ್ರು ಎನ್ನುತ್ತಾಳೆ.

ಅವರು ಕಲಿಸಿದ್ದನ್ನು ಕರೆಂಟಕ್ಕ ಹೀಗೆ ಹೇಳುತ್ತಾಳೆ: "ಬಿಸಿಲಿಗೆ ಹಗಲು ಪಾಳಿ, ಗಾಳಿಗೆ ಸಂಜೆ ಮೇಲೆ ಪಾಳಿ. ಇಬ್ರೂ ಸೇರಿ ದುಡಿದು ಮಿಕ್ಕಿದ್ದು ಬ್ಯಾಟರಿಗೆ. ಇಬ್ರೂ ಒಟ್ಟಿಗೆ ರಜಾ ಹಾಕಿದ್ರೆ ಇಂಜಿನ್ನು. ಯಾರು ಯಾವಾಗ ರಜಾ ಹಾಕ್ತಾರೆ ಅಂತ ಮೊದಲೇ ವಾಸನೆ ಹಿಡಿಯೋದು ನನ್ನ ಕೆಲಸ."

ಮೊದಮೊದಲು ಜನ ಕೊಟ್ಟ ಕಾಟ ಸಣ್ಣದಲ್ಲ. ಬಿಸಿಲಿಗೆ ಗಾಜು ಚೆನ್ನಾಗಿ ಕಾಯುತ್ತದೆ ಎಂದು ಗೊತ್ತಾದದ್ದೇ ತಡ, ಮನೆಯವರೆಲ್ಲ ಒದ್ದೆ ಕಂಬಳಿ, ಮಕ್ಕಳು ಉಚ್ಚೆ ಹೊಯ್ದ ಹಾಸಿಗೆ ತಂದು ಪ್ಲೇಟಿನ ಮೇಲೆ ಹರವಿದರು. ಒಂದು ಮೂಲೆಗೆ ನೆರಳು ಬಿದ್ದರೂ ಇಡೀ ಸಾಲು ಮಂಕಾಗುತ್ತದೆ ಎಂದರೆ ನಂಬುವವರಿಲ್ಲ. ಕರೆಂಟಕ್ಕ ಬೈಯಲಿಲ್ಲ. ದಿಣ್ಣೆಯ ಹಿಂದೆ ತಂತಿ ಎಳೆದು, ಬಟ್ಟೆ ಒಣಹಾಕಲು ಬೇರೆಯೇ ಜಾಗ ಮಾಡಿಕೊಟ್ಟಳು. ಗಿರಣಿಯವನು ಮಾತ್ರ ಜಗ್ಗಲಿಲ್ಲ. ಗಿರಾಕಿ ಬಂದಾಗ ಬೀಸಬೇಕೋ, ಆಕಾಶ ನೋಡಿ ಬೀಸಬೇಕೋ ಎಂಬುದು ಅವನ ವಾದ.

"ಏನಕ್ಕಾ, ನಿನ್ನ ಸೂರ್ಯಪ್ಪನ್ನ ಕೇಳ್ಕೊಂಡು ಬಂದು ಹೇಳ್ತೀಯೋ, ನಾನೇ ಹತ್ತಿ ಹೋಗಿ ಕೇಳ್ಲೋ?" ಎಂದು ಬಾಗಿಲಲ್ಲಿ ನಿಂತು ಕೆಣಕುತ್ತಿದ್ದನಂತೆ.

"ನೀನೇ ಹೋಗಪ್ಪ. ಬರೋವಾಗ ಒಂದು ಕೊಡ ಬಿಸಿಲು ತಗೊಂಡು ಬಾ" ಎಂದು ಈಕೆ.

ಕಾಗದದಲ್ಲಿ ಬರೆದು ಅಂಟಿಸಿದರೆ ಓದುವವರಿಲ್ಲ, ಬಣ್ಣದ ಬಟ್ಟೆ ಹಾರಿಸಿದರೆ ನೋಡುವವರಿಲ್ಲ. ಈ ಊರು ಕಣ್ಣಿನದಲ್ಲ, ಕಿವಿಯದು ಎಂದು ಆಕೆಗೆ ಹೊಳೆದದ್ದು ಆಗ. ಅಪ್ಪ ಹೊತ್ತು ತಂದಿದ್ದ ಆ ಮೊದಲ ಇಂಜಿನ್ನು ಸವೆದು, ಅದರ ಜಾಗಕ್ಕೆ ಈಗಿನದು ಬಂದ ಮೇಲೆ ಮೂಲೆಗೆ ಬಿದ್ದಿತ್ತು. ಅದರ ಚಕ್ರವನ್ನು ಬಿಚ್ಚಿಸಿ ತೂಗುಹಾಕಿದಳು. ಅಂದಿನಿಂದ ಊರು ಏಟು ಎಣಿಸಿ ಬಾಳುವುದನ್ನು ಕಲಿಯಿತು.

ಇಷ್ಟೆಲ್ಲ ಆಗುವಾಗ ಇಂಜಿನ್ ಮಾವ ಊರಲ್ಲಿರಲಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ, ಸೋರುವ ಹೊಗೆ ಕೊಳವೆಯ ಪಕ್ಕ ಆಯಸ್ಸೆಲ್ಲ ಕೂತವರು. ಹೊಗೆ ಅವರ ಎದೆಯಲ್ಲಿ ಮನೆ ಮಾಡಿತ್ತು. ಪೇಟೆಯ ಡಾಕ್ಟರು, ಇನ್ನು ಮುಂದೆ ಮಲಗಿದಾಗಲೆಲ್ಲ ಉಸಿರಾಟದ ಮಿಷನ್ನು ಬೇಕೇ ಬೇಕು, ಅದಕ್ಕೆ ಬಿಡದೆ ಕರೆಂಟು ಬೇಕು ಎಂದರು. ಬಿಡದೆ ಕರೆಂಟಿರುವ ಊರು ಇದಲ್ಲವಲ್ಲ. ಹಾಗಾಗಿ ಪೇಟೆಯಲ್ಲಿ ಕಿರಿಯ ಮಗಳ ಮನೆಯ ಹಜಾರದಲ್ಲಿ ಅವರಿಗೆ ಮಂಚ ಹಾಕಿದರು. ಕಿರಿಯ ಮಗಳು, ಅಳಿಯ ಚೆನ್ನಾಗಿಯೇ ನೋಡಿಕೊಂಡರು. ಆದರೂ ಅವರು ದಿನಾ ಕೇಳುತ್ತಿದ್ದುದು ಒಂದೇ, ಮನೆಗೆ ಯಾವಾಗ?

ಕರೆಂಟಕ್ಕ ಡಾಕ್ಟರ ಬಳಿ ಹೋಗಿ ಕೂತಳು. ಈಗ ನಮ್ಮೂರಲ್ಲಿ ರಾತ್ರಿಯೆಲ್ಲ ಕರೆಂಟಿದೆ ಎಂದಳು. ಡಾಕ್ಟರು ಒಳ್ಳೆಯವರು, ಆದರೆ ಮಾತಿಗೆ ಕರಗುವವರಲ್ಲ. ಬಿಸಿಲು ಕಾಲದಲ್ಲಿ ಯಾರು ಬೇಕಾದರೂ ಕೊಡುತ್ತಾರೆ, ಒಂದು ಮೋಡದ ಕಾಲ ಪೂರ್ತಿ ಒಂದು ಸಲವೂ ಕರೆಂಟು ಹೋಗದೆ ಇರಲಿ, ಆಗ ನಾನೇ ಕಳಿಸಿಕೊಡುತ್ತೇನೆ ಎಂದರು. ಸಾಕ್ಷಿ ಯಾರು? ಊರಿನ ಚಿಕ್ಕ ಆಸ್ಪತ್ರೆಯ ನರ್ಸಮ್ಮ. ಲಸಿಕೆ ಇಡುವ ಫ್ರಿಜ್ಜು ಆಕೆಯ ಕೋಣೆಯಲ್ಲಿದೆ, ಕರೆಂಟು ತಪ್ಪಿದರೆ ಅದು ಕೂಗುತ್ತದೆ. ನರ್ಸಮ್ಮ ಕರೆಂಟಕ್ಕನ ಜೊತೆಗೆ ಆಡಿ ಬೆಳೆದವಳೇ, ಆದರೆ ಸುಳ್ಳು ಹೇಳುವ ಪೈಕಿ ಅಲ್ಲ. "ಕೂಗಿದ್ರೆ ಕೂಗ್ತು ಅಂತಲೇ ಹೇಳ್ತೀನಿ ಕಣೆ. ಅದು ನಿಮ್ಮಪ್ಪನ ಉಸಿರಿನ ಪ್ರಶ್ನೆ" ಎಂದು ಮೊದಲೇ ಹೇಳಿಬಿಟ್ಟಳು.

ಒಂದು ತೊಡಕಿತ್ತು, ಈಗಲೂ ಇದೆ. ದಿಣ್ಣೆಯಿಂದ ಇಳಿಯುವುದು ಒಂದೇ ತಂತಿ. ಆಸ್ಪತ್ರೆಗೂ ಅದೇ, ಗಿರಣಿಗೂ ಅದೇ, ಮನೆಗಳಿಗೂ ಅದೇ. ಗಿರಣಿಯನ್ನು ಮಾತ್ರ ಆರಿಸುತ್ತೇನೆ ಎಂದರೆ ಆಗುವುದಿಲ್ಲ. ಹೋದರೆ ಎಲ್ಲ ಒಟ್ಟಿಗೆ ಹೋಗಬೇಕು, ಉಳಿದರೆ ಎಲ್ಲ ಒಟ್ಟಿಗೆ ಉಳಿಯಬೇಕು.

ಮೋಡದ ಕಾಲ ಬಂತು. ಅಪ್ಪ ಪೇಟೆಯಿಂದ ದಿನಾ ಮುಸ್ಸಂಜೆಗೆ ಫೋನು ಮಾಡುತ್ತಿದ್ದರು. ಊಟ ಆಯಿತಾ, ಮಕ್ಕಳು ಹೇಗಿದ್ದಾರೆ, ಏನೂ ಇಲ್ಲ. "ಇದ್ಯಾ?" ಎನ್ನುವರು. "ಇದೆಯಪ್ಪ" ಎಂದರೆ ಫೋನು ಇಡುವರು. ಕಾಲ ಮುಗಿಯುತ್ತ ಬಂತು. ಫ್ರಿಜ್ಜು ಒಂದು ಸಲವೂ ಕೂಗಿರಲಿಲ್ಲ.

ಆಗ ಬಂತು ನೋಡಿ ಆ ಕೆಟ್ಟ ವಾರ. ಮೋಡ ಹಾಸಿಗೆಯ ಹಾಗೆ ಬೆಟ್ಟದ ಮೇಲೆ ಬಿದ್ದುಕೊಂಡಿತು, ಗಾಳಿಯೂ ಸತ್ತಿತು. ಫ್ಯಾನಿನ ರೆಕ್ಕೆ ಅಲ್ಲಾಡಲಿಲ್ಲ. ಕರೆಂಟಕ್ಕ ದಿನಾ ಎರಡೇಟು ಹಾಕಿದಳು. ಜನ ಬಲ್ಬೊಂದರಲ್ಲೇ ಕಾಲ ತಳ್ಳಿದರು. ಆದರೂ ಬ್ಯಾಟರಿ ಇಳಿಯುತ್ತ ಹೋಯಿತು. ಒಂದು ಸಂಜೆ ಬೇರೆ ದಾರಿಯಿಲ್ಲದೆ ಹೊದಿಕೆ ಸರಿಸಿ ಇಂಜಿನ್ನು ಚಾಲೂ ಮಾಡಿದಳು. ಅದೇನೂ ತಪ್ಪಲ್ಲ, ಇಂಜಿನ್ನು ಇರುವುದೇ ಅದಕ್ಕೆ. ಕತ್ತಲಾಗುವುದರೊಳಗೆ ಬ್ಯಾಟರಿ ತುಂಬಿಸಿಕೊಳ್ಳೋಣ ಎಂದು ಆಕೆಯ ಲೆಕ್ಕ.

ಆಕೆ ಮರೆತದ್ದು ನಮ್ಮ ಕಿವಿಯನ್ನು. ಎಷ್ಟೋ ಕಾಲದ ಮೇಲೆ ದಿಣ್ಣೆಯ ಮೇಲಿಂದ ಗುಡುಗುಡು ಕೇಳಿಸಿತು. ಒಂದು ವಾರದಿಂದ ಕೈ ಕಟ್ಟಿ ಕೂತಿದ್ದ ಊರು ಧಿಗ್ಗನೆ ಎದ್ದಿತು. ಇಂಜಿನ್ ಬಂತು, ಬೇಗ ಬೇಗ! ಎಲ್ಲರೂ ಮೋಟರು ಹಾಕಿದರು, ಇಸ್ತ್ರಿ ಪೆಟ್ಟಿಗೆ ಹಾಕಿದರು, ಕರೆಂಟಿನ ಒಲೆ ಹಾಕಿದರು. ಗಿರಣಿಯವನು ತುಂಬಿ ನಿಂತಿದ್ದ ಚೀಲಗಳನ್ನೆಲ್ಲ ಒಮ್ಮೆಗೇ ಸುರಿದ. ನಮ್ಮ ಮನೆಯಲ್ಲೂ ಹಾಕಿದೆವು, ಸುಳ್ಳೇಕೆ. ಬ್ಯಾಟರಿಗೆ ಹೋಗಬೇಕಾದದ್ದನ್ನೆಲ್ಲ ಊರೇ ನುಂಗಿತು.

ಮೇಲೆ ಕರೆಂಟಕ್ಕನ ಎದುರು ಮೀಟರಿನ ಮುಳ್ಳು ಕೆಂಪು ಗೆರೆಯತ್ತ ಹತ್ತುತ್ತಿತ್ತು. ಹೊರಗೋಡಿ ಎರಡೇಟು ಹಾಕಿದಳು, ಮತ್ತೆ ಹಾಕಿದಳು, ಹಾಕುತ್ತಲೇ ಹೋದಳು. ಆ ಇಂಜಿನ್ನಿನ ಅಬ್ಬರದಲ್ಲಿ ಚಕ್ರದ ಸದ್ದು ಆಕೆಯ ಕಿವಿಗೇ ಬೀಳಲಿಲ್ಲ. ಕೆಳಗೆ ಓಡಿ ಮನೆ ಮನೆಗೆ ಹೇಳುವಷ್ಟು ಹೊತ್ತಿಲ್ಲ. ಇಂಜಿನ್ನು ಉಸಿರುಕಟ್ಟಿ ನಿಂತರೆ, ಸೊರಗಿದ ಬ್ಯಾಟರಿ ಅಷ್ಟು ಹೊರೆಯನ್ನು ಒಂದು ಗಳಿಗೆಯೂ ಹೊರಲಾರದು. ಊರೆಲ್ಲ ಕತ್ತಲೆ. ಆಸ್ಪತ್ರೆಯ ಫ್ರಿಜ್ಜು ಕೂಗುತ್ತದೆ. ಅಪ್ಪ ಇನ್ನೊಂದು ಮೋಡದ ಕಾಲದವರೆಗೆ ಪೇಟೆಯಲ್ಲೇ. ಇನ್ನೊಂದು ಕಾಲ ಅವರಿಗೆ ಇದೆಯೋ ಇಲ್ಲವೋ, ಯಾರು ಬಲ್ಲರು?

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮುಸ್ಸಂಜೆಯಾಗಿತ್ತಲ್ಲ. ಅಂದು ಅವರು ಇದ್ಯಾ ಎಂದು ಕೇಳಲಿಲ್ಲ. ಫೋನಿನಲ್ಲಿ ಬಂದ ಸದ್ದಿಗೇ ಕಿವಿಗೊಟ್ಟರಂತೆ. ಆಮೇಲೆ, "ಇಂಜಿನ್ ಉಬ್ಬಸ ಪಡ್ತಿದೆಯಲ್ಲೇ ಮಗಾ" ಎಂದರು.

ಈಕೆ ಎಲ್ಲ ಒದರಿದಳು.

"ನಿಲ್ಲಿಸಿಬಿಡು" ಎಂದರು ಅಪ್ಪ.

"ಏನನ್ನ?"

"ಇಂಜಿನ್ನು."

"ಅಪ್ಪಾ, ಅದೊಂದೇ ಈಗ ಹಿಡಿದುಕೊಂಡಿರೋದು. ನಿಲ್ಲಿಸಿದ್ರೆ ಎಲ್ಲ ಹೋಗುತ್ತೆ."

"ಹೋಗಲ್ಲ. ಆ ಜನಕ್ಕೆ ಬೈದು ಬೈದೇ ನನ್ನ ಗಂಟಲು ಹೋಗಿದ್ದು. ಸದ್ದು ನಿಲ್ಲಿಸಿ ನೋಡು."

ಆಕೆಗೆ ಕೈ ಬರಲಿಲ್ಲವಂತೆ. ಮೇಷ್ಟ್ರು ಕಲಿಸಿದ ಯಾವ ಪಾಠದಲ್ಲೂ ಇದು ಇರಲಿಲ್ಲ. ಕಣ್ಣು ಮುಚ್ಚಿಕೊಂಡು ಇಂಜಿನ್ನಿನ ಹಿಡಿಕೆ ಎಳೆದಳು. ಗುಡುಗುಡು ನಿಂತಿತು. ಬೆಟ್ಟವೆಲ್ಲ ಒಮ್ಮೆಗೇ ನಿಶ್ಶಬ್ದ. ಮುಳ್ಳು ಒಂದು ಕ್ಷಣ ನಡುಗಿತು, ಬಲ್ಬು ಕೆಂಪಗಾಯಿತು. ಕೆಳಗೆ ಮನೆ ಮನೆಯಲ್ಲಿ ಕೈಗಳು ತಾವಾಗಿ ಸ್ವಿಚ್ಚಿಗೆ ಹೋದವು. ಬಾವಿಯ ಮೋಟರು ನಿಂತಿತು, ಇಸ್ತ್ರಿ ಪೆಟ್ಟಿಗೆಗಳು ಆರಿದವು. ಮೊದಲಿನಿಂದ ಎಲ್ಲರಿಗಿಂತ ಹೆಚ್ಚು ಬೈಸಿಕೊಂಡಿದ್ದ ಗಿರಣಿಯವನು ಎಲ್ಲರಿಗಿಂತ ಮೊದಲೇ ಆರಿಸಿದ್ದನಂತೆ. ಗಿರಣಿಯವನ ಹೆಂಡತಿ ಈಗಲೂ ಹೇಳಿಕೊಂಡು ನಗುತ್ತಾಳೆ: "ತಲೆ ಮೇಲೆ ಬಲ್ಬು ಉರೀತಾನೇ ಇತ್ತು. ಆದ್ರೂ ಆರಿಸಿಬಿಟ್ಟೆ, ಮೇಣದ ಬತ್ತಿ ಹುಡುಕೋಕೆ ಹೋದೆ. ಆಮೇಲೆ ಜ್ಞಾನ ಬಂತು."

ಮುಳ್ಳು ಇಳಿಯಿತು. ಬಲ್ಬು ಮತ್ತೆ ಬೆಳ್ಳಗಾಯಿತು. ಆ ನಿಶ್ಶಬ್ದದಲ್ಲಿ ಕರೆಂಟಕ್ಕ ಸುತ್ತಿಗೆ ಎತ್ತಿ ಎರಡೇಟು ಹಾಕಿದಳು. ಈ ಸಲ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಇಂಜಿನ್ನನ್ನು ಮತ್ತೆ ಚಾಲೂ ಮಾಡಿದಳು. ಗುಡುಗುಡು ಕೇಳಿದರೂ ಯಾರೂ ಏನನ್ನೂ ಮುಟ್ಟಲಿಲ್ಲ. ಗಿರಣಿಯವನು ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿಕೊಂಡು ಕೂತು, ಹಿಟ್ಟು ಕೇಳಿ ಬಂದವರನ್ನೆಲ್ಲ, ಇಂಜಿನ್ ಮಾವನನ್ನು ಮನೆಗೆ ಕರೆತರೋ ಆಸೆ ಇದೆಯೋ ಇಲ್ಲವೋ ಎಂದು ಗದರಿ ಕಳಿಸಿದ. ಮರುದಿನ ಬೆಳಗ್ಗೆ ನರ್ಸಮ್ಮ ದಿಣ್ಣೆ ಹತ್ತಿ ಬಂದಳು. ಮಾತಾಡುವ ಮೊದಲೇ ಅವಳ ಮುಖದಲ್ಲಿ ನಗು ಇತ್ತು. ಫ್ರಿಜ್ಜು ಕೂಗಿರಲಿಲ್ಲ.

ಮೋಡ ಕಳೆದ ಮೇಲೆ ಡಾಕ್ಟರು ನರ್ಸಮ್ಮನಿಗೆ ಫೋನು ಮಾಡಿ ಕೇಳಿದರು, ಅವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕೊಟ್ಟ ಮಾತಿಗೆ ತಪ್ಪಲಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ದಿಂಬು ಪೇರಿಸಿ, ಕರೆಂಟಕ್ಕನ ಗಂಡ ಬಂಡೆ ಬಂಡೆಗೂ ನಿಲ್ಲಿಸಿ ನಿಲ್ಲಿಸಿ ಮಾವನನ್ನು ಮೇಲೆ ತಂದ. ಅವರು ಇಳಿದವರೇ ಮನೆ ಕಡೆ ನೋಡಲಿಲ್ಲ. ನೆಟ್ಟಗೆ ಕರೆಂಟು ಮನೆಗೆ ಹೋಗಿ, ಅಂಗಳದಲ್ಲಿ ನೇತಾಡುತ್ತಿದ್ದ ಚಕ್ರವನ್ನು ನೋಡಿ, ಮುಟ್ಟಿ, ತುಕ್ಕು ಹಿಡಿದ ಜಾಗವನ್ನು ಉಗುರಿನಿಂದ ಕೆರೆದು, ಎಣ್ಣೆ ಹಾಕಿಲ್ಲ ಎಂದು ಮಗಳನ್ನು ಬೈದರು. ಬೈಗುಳ ಕೇಳಿ ಊರಿಗೆ ಸಮಾಧಾನವಾಯಿತು.

ಈಗ ಅವರ ಮಂಚ ಕಿಟಕಿಯ ಪಕ್ಕ, ದಿಣ್ಣೆ ಕಾಣುವ ಹಾಗೆ ಇದೆ. ಮಂಚದ ಬದಿಗೆ ಉಸಿರಾಟದ ಮಿಷನ್ನು. ಮೂಲೆಯಲ್ಲಿ ಒಂದು ಆಕ್ಸಿಜನ್ ಸಿಲಿಂಡರು, ಕರೆಂಟು ಹೋದರೆ ಇರಲಿ ಎಂದು ಡಾಕ್ಟರು ಕಳಿಸಿದ್ದು. ಅದರ ಮೂತಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಯಾರೂ ಬಿಚ್ಚಿಲ್ಲ, ಮೊಮ್ಮಗಳು ಅದರ ಮೇಲೆ ತನ್ನ ಟೋಪಿ ನೇತುಹಾಕಿದ್ದಾಳೆ. ಮಿಷನ್ನು ಸಣ್ಣಗೆ ಗುಡುಗುಡು ಎನ್ನುತ್ತಲೇ ಇರುತ್ತದೆ. ಆ ಸದ್ದು ತೊಂದರೆಯೇ ಎಂದು ಕೇಳಿದರೆ ನಕ್ಕರು. "ಮೊದ್ಲು ಊರಿಗೆಲ್ಲ ಸೇರಿ ಒಂದು ಇಂಜಿನ್ನು. ಈಗ ನನಗೊಬ್ಬನಿಗೇ ಒಂದು. ಇದರ ಸದ್ದಿಲ್ಲದೆ ನಿದ್ದೆ ಬರಲ್ಲ."

ಕರೆಂಟಕ್ಕನಿಗೆ ಆಸೆ ಏನಾದರೂ ಇದೆಯೇ ಎಂದು ಕೇಳಿದೆ. ಒಲೆಯ ಮುಂದೆ ಕೂತು ಪಾತ್ರೆ ಇಳಿಸುತ್ತಿದ್ದಳು. "ಆಸ್ಪತ್ರೆಗೂ ಅಪ್ಪನ ಕೋಣೆಗೂ ಸೇರಿ ಬೇರೆ ಒಂದು ತಂತಿ ಎಳೆದ್ರೆ ಸಾಕು. ಮೇಷ್ಟ್ರಿಗೆ ಹೇಳಿದ್ದೀನಿ, ತರ್ತೀನಿ ಅಂದಿದ್ದಾರೆ. ಆಗ ಗಿರಣಿಯವನ ಜೊತೆ ಜಗಳ ಆಡೋಕೆ ಕಾರಣವೇ ಇರಲ್ಲ. ಅವನಿಗೇ ಬೇಜಾರಾಗುತ್ತೆ."

ಹೊರಗೆ ಮುಸ್ಸಂಜೆ ಇಳಿಯುತ್ತಿತ್ತು. ದಿಣ್ಣೆಯ ಮೇಲೆ ಗಾಳಿ ಎದ್ದು ಫ್ಯಾನಿನ ರೆಕ್ಕೆ ತಿರುಗತೊಡಗಿತ್ತು. ಇಳಿಜಾರಿನ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು, ಎಲ್ಲೂ ಸದ್ದಿಲ್ಲ. ಆಗ ಪಕ್ಕದ ಕೋಣೆಯಿಂದ ಇಂಜಿನ್ ಮಾವನ ದನಿ ಬಂತು, ಅವರ ತಲೆಯ ಮೇಲೆ ಬಲ್ಬು ಉರಿಯುತ್ತಲೇ ಇದೆ.

"ಇದ್ಯಾ?"

"ಇದೆಯಪ್ಪ" ಎಂದಳು ಕರೆಂಟಕ್ಕ, ಕೂತಲ್ಲಿಂದಲೇ. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಈ ಮಾತನ್ನ ಫೋನಲ್ಲಿ ಹೇಳೋದು ತಪ್ತಲ್ಲ" ಎಂದಳು.